ಗೇಟಿನ ಮೇಲಿನ ಮಾತು

2024ರ ಅಕ್ಟೋಬರಿನ ಒಂದು ರವಿವಾರ ಸಂಜೆ. ಹಿತ್ತಲ ಕಟ್ಟೆಯ ಮೇಲೆ ಕುಳಿತು ರಾಜಗಿರಿ ಪಲ್ಲೆ ಸೋಸುತ್ತಿದ್ದೆ. ನಮ್ಮ ಮನೆತನದವರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪಿಗೆ ಅಕ್ಕನ ಮಗಳು ಒಂದು ಫೋಟೋ ಕಳಿಸಿದಳು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೆಚ್ಚಿನ ಓದಿಗೆ ಹೋದವಳು. ಶನಿವಾರ ಬಂತೆಂದರೆ ಓರಗೆಯವರ ದಂಡು ಕಟ್ಟಿಕೊಂಡು ಎಲ್ಲಿಗಾದರೂ ಹೊರಟೇಬಿಡುತ್ತಾಳೆ. 2023ರ ಮೇ ತಿಂಗಳಿನಿಂದ ಅಲ್ಲಿ ತಿಂಗಳಿಗೊಂದು ಟಿಕೆಟ್ಟು ಬಂದಿದೆಯಂತೆ. ಅದೊಂದು ಕೈಯಲ್ಲಿದ್ದರೆ ನಿಧಾನದ ರೈಲು, ಊರೊಳಗಿನ ಬಸ್ಸು ಎಲ್ಲದರಲ್ಲೂ ದೇಶ ಸುತ್ತಬಹುದು. "ಓದಾಕ ಹೋಗ್ಯಾಳೋ, ತಿರಗಾಕ ಹೋಗ್ಯಾಳೋ?" ಎಂಬುದು ನಮ್ಮಕ್ಕನ ನಿತ್ಯದ ಚಿಂತೆ.

ಫೋಟೋದಲ್ಲಿ ಐದು ಮಂದಿ ಹುಡುಗ ಹುಡುಗಿಯರು ಕಬ್ಬಿಣದ ಗೇಟೊಂದರ ಮುಂದೆ ನಿಂತು ನಗುತ್ತಿದ್ದರು. ಗೇಟಿನ ಸರಳುಗಳ ನಡುವೆ ಏನೋ ಅಕ್ಷರಗಳು. ಭಾವ ಎರಡು ಕೈ ಮುಗಿದ ಚಿತ್ರ ಹಾಕಿದರು. ಬೆಳಗಾವಿಯ ಅತ್ತಿಗೆ, "ಯಾವ ಗುಡಿ ಅದು?" ಎಂದು ಕೇಳಿದಳು. ನಾನು ಹೆಬ್ಬೆಟ್ಟು ಎತ್ತಿ ತೋರಿಸಿ, "ಥಂಡಿ ಅದ, ಸ್ವೆಟರ್ ಹಾಕ್ಕೋ" ಎಂದು ಬರೆದೆ. ಪಲ್ಲೆ ಸೋಸಿ ಮುಗಿಸುವಷ್ಟರಲ್ಲಿ ಫೋಟೋ ಮಾಯವಾಗಿತ್ತು. ಅವಳೇ ಅಳಿಸಿದ್ದಳು.

ರಾತ್ರಿ ಹತ್ತೂವರೆಗೆ ಫೋನು ಬಂತು. ಶನಿವಾರ ಅವರು ಮ್ಯೂನಿಕ್ ಪಟ್ಟಣಕ್ಕೆ ಹೋಗಿ ಗಡಿಯಾರದ ಗೋಪುರದಲ್ಲಿ ಗೊಂಬೆಗಳು ಕುಣಿಯುವುದನ್ನು ನೋಡಿದ್ದರು. ರವಿವಾರ ಬೆಟ್ಟದ ಮೇಲಿನ ಅರಮನೆಯೊಂದನ್ನು ನೋಡುವುದಿತ್ತು. ಮಳೆ ಹಿಡಿಯಿತು. ಅರಮನೆಯ ಒಳಗೆ ಹೋಗಲು ದುಡ್ಡು ಬೇರೆ. ಆಗ ಯಾರೋ, ಹತ್ತಿರದಲ್ಲೇ ಡಾಖಾವ್ ಇದೆ, ಪ್ರವೇಶ ಧರ್ಮಾರ್ಥ ಎಂದರಂತೆ. "ಖರೇ ಹೇಳತೀನಿ ಮೌಶಿ, ಪುಕ್ಕಟೆ ಅದ ಅಂತನ ಹೋದ್ವಿ" ಎಂದಳು. ಅವಳ ಈ ಪ್ರಾಮಾಣಿಕತೆ ನನಗೆ ಮೊದಲಿನಿಂದಲೂ ಮೆಚ್ಚು.

ಡಾಖಾವ್ ಎಂಬ ಹೆಸರನ್ನು ನಾನು ಇಷ್ಟು ವರ್ಷ 'ಡಚಾವು' ಎಂದೇ ಓದಿಕೊಂಡು ಬಂದವಳು. ಸಮಾಜ ವಿಷಯದ ಟೀಚರು. ಇಪ್ಪತ್ತೆಂಟು ವರ್ಷ ಹತ್ತನೆಯ ಇಯತ್ತೆಗೆ ಹಿಟ್ಲರನನ್ನು ಎರಡು ಅಂಕ, ನಾಲ್ಕು ಅಂಕಗಳಲ್ಲಿ ಹೇಳಿಕೊಟ್ಟಿದ್ದೇನೆ. ಆದರೂ ಆ ಫೋಟೋ ನೋಡಿದಾಗ ನನಗೆ ಕಂಡದ್ದು ಹುಡುಗಿಯ ತೆಳ್ಳನೆಯ ಅಂಗಿ ಮಾತ್ರ.

ಹಿಟ್ಲರ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. 1933ರ ಮಾರ್ಚ್ 22ರಂದು ಈ ಶಿಬಿರ ಶುರುವಾಯಿತು. ಮುಂದೆ ಆ ದೇಶದಲ್ಲೂ ಅದು ಗೆದ್ದ ದೇಶಗಳಲ್ಲೂ ಎದ್ದ ಶಿಬಿರಗಳಿಗೆಲ್ಲ ಇದೇ ಮಾದರಿ. ಮೊದಲು ವಿರೋಧ ಪಕ್ಷದವರು, ಆಮೇಲೆ ಯಹೂದಿಗಳು, ಪಾದ್ರಿಗಳು, ಅಲೆಮಾರಿಗಳು, ಗೆದ್ದ ದೇಶಗಳ ಜನ. ಹನ್ನೆರಡು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನರನ್ನು ಅಲ್ಲಿ ಮತ್ತು ಅದರ ಕೈಕೆಳಗಿನ ಶಿಬಿರಗಳಲ್ಲಿ ಕೂಡಿಹಾಕಿದ್ದರು. ಸತ್ತವರು ನಲವತ್ತೊಂದು ಸಾವಿರಕ್ಕೂ ಹೆಚ್ಚು. 1945ರ ಏಪ್ರಿಲ್ 29ರಂದು ಅಮೆರಿಕದ ಸೈನ್ಯ ಬಂದು ಬಾಗಿಲು ತೆಗೆಯಿತು. ಆ ಬಾಗಿಲಿನ ಮೇಲಿನ ಅಕ್ಷರಗಳ ಅರ್ಥ 'ದುಡಿಮೆ ಬಿಡುಗಡೆ ಕೊಡುತ್ತದೆ' ಎಂದು. ಕೈದಿಗಳ ಕೈಯಿಂದಲೇ ಮಾಡಿಸಿದ ಅಕ್ಷರಗಳವು. ಆಶ್ವಿಟ್ಜ್ ಶಿಬಿರದ ಮೇಲೂ ಇದೇ ಮಾತು ಇತ್ತು. 2014ರಲ್ಲಿ ಡಾಖಾವಿನ ಬಾಗಿಲನ್ನೇ ಯಾರೋ ಕದ್ದೊಯ್ದರು. ಎರಡು ವರ್ಷದ ಮೇಲೆ ಅದು ನಾರ್ವೆಯಲ್ಲಿ ಸಿಕ್ಕಿತು. ಈಗ ಅದನ್ನು ವಸ್ತುಸಂಗ್ರಹಾಲಯದ ಒಳಗಿಟ್ಟು, ಹೊರಗೆ ನಕಲು ನಿಲ್ಲಿಸಿದ್ದಾರೆ. ಅಂಥ ಮಾತನ್ನೂ ಕದಿಯುವವರಿದ್ದಾರೆ ನೋಡಿ!

ಇವರ ಜೊತೆಗೆ ಹೋದ ಒಬ್ಬ ಜರ್ಮನ್ ಹುಡುಗಿ ಫೋಟೋಕ್ಕೆ ನಿಲ್ಲಲಿಲ್ಲ. ಬೇಡವೆಂದೂ ಹೇಳಲಿಲ್ಲ, ಸುಮ್ಮನೆ ಬದಿಗೆ ಸರಿದಳಂತೆ. ನಮ್ಮವಳಿಗೆ ಅದು ಆಗ ಹೊಳೆಯಲಿಲ್ಲ. ಫೋಟೋ ನಮಗೆಲ್ಲ ಕಳಿಸಿ, ಒಳಗೆ ಅಡ್ಡಾಡುತ್ತ ಹೆಣ ಸುಡುವ ಒಲೆಗಳಿದ್ದ ಕಟ್ಟಡಕ್ಕೆ ಬಂದಾಗ, ಗೋಡೆಯ ಮೇಲಿನ ಹಲಗೆಯೊಂದರಲ್ಲಿ ಪರಿಚಯದಂಥ ಹೆಸರು ಕಂಡಿತು: ನೂರ್ ಇನಾಯತ್ ಖಾನ್. ಬಡೋದೆಯಿಂದ ಹೊರಟು ಯುರೋಪಿಗೆ ನಮ್ಮ ಸಂಗೀತವನ್ನು ಒಯ್ದ ಇನಾಯತ್ ಖಾನರ ಮಗಳು. ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ವಂಶದವಳು. ಮಕ್ಕಳ ಕಥೆ ಬರೆಯುತ್ತಿದ್ದವಳು 1943ರಲ್ಲಿ ಬ್ರಿಟಿಷರ ಪರವಾಗಿ ಪ್ಯಾರಿಸಿನಲ್ಲಿ ಗುಟ್ಟಾಗಿ ತಂತಿರಹಿತ ಸಂದೇಶ ಕಳಿಸುವ ಕೆಲಸಕ್ಕೆ ನಿಂತಳು. ಸಿಕ್ಕುಬಿದ್ದಳು. 1944ರ ಸೆಪ್ಟೆಂಬರ್ 13ರಂದು ಡಾಖಾವಿನಲ್ಲಿ ಇನ್ನೂ ಮೂವರು ಹೆಂಗಸರೊಡನೆ ಅವಳನ್ನು ಗುಂಡಿಕ್ಕಿ ಕೊಂದರು. ಆಗ ಅವಳಿಗೆ ಮೂವತ್ತು ವರ್ಷ.

"ಅಷ್ಟೊತ್ತನಾ ಅದೆಲ್ಲಾ ಬ್ಯಾರೆಯವರದು ಅನಸಿತ್ತು ಮೌಶಿ. ಆ ಹೆಸರು ಓದಿದ ಮ್ಯಾಲೆ ಫೋಟೋ ಇಟ್ಕೊಳ್ಳಾಕ ಆಗಲಿಲ್ಲ. ಆದ್ರ ನಮ್ಮವರ ಹೆಸರು ಇರಲಿಲ್ಲಂದ್ರ ಅಳಸ್ತಿದ್ದಿಲ್ಲೇನೋ ಅಂತ ಈಗ ಅದೂ ಕೆಟ್ಟ ಅನಸಾಕತ್ತದ" ಎಂದಳು.

ನನಗೆ ಸಮಾಧಾನ ಹೇಳಲು ಬಂತು. ಚಿಕ್ಕವರು, ಗೊತ್ತಿಲ್ಲದೆ ನಕ್ಕಿರಿ, ಗೊತ್ತಾದ ಮೇಲೆ ಅಳಿಸಿದಿರಿ ಎಂದೆ. ಆಮೇಲೆ ಅವಳು ಇನ್ನೊಂದು ಮಾತು ಕೇಳಿದಳು. "ಸಿಟ್ಟಾಗಬ್ಯಾಡ. ಆ ಗೇಟು ನೋಡಿದಾಗ ನಮ್ಮ ಸಾಲಿ ಪಡಸಾಲಿ ನೆನಪಾತು. ನೀನ ಬರೆಸಿದ್ದೆಲ್ಲ, ಕಾಯಕದ ಮಾತು. ಎರಡಕ್ಕೂ ಫರಕ ಏನು?"

ನಾನು ಸಿಟ್ಟಾದೆ. ಆಕೆಯೂ ನಮ್ಮ ಸಾಲಿಯಲ್ಲೇ ಓದಿದವಳು. ಕಾಯಕವನ್ನೂ ಕೈಲಾಸವನ್ನೂ ಒಂದೇ ಮಾಡಿ ಹೇಳುವ ಆ ಎರಡು ಶಬ್ದಗಳ ಕೆಳಗೆ ಆರು ವರ್ಷ ಪ್ರಾರ್ಥನೆಗೆ ನಿಂತವಳು. ಅಂಥವಳು ಎಲ್ಲಿಯ ಕೊಲೆಗಡುಕರ ಮಾತನ್ನು ಎಲ್ಲಿಗೆ ತಂದು ಹಚ್ಚುತ್ತಾಳೆ! ಒಂದು ತಾಸು ಪಾಠವನ್ನೇ ಮಾಡಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ವಿಚಾರ ಆಡಿದವರು ದಣಿಗಳಲ್ಲ, ದುಡಿಯುವವರು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕಿದವನು. ಒಂದು ದಿನ ಅವನು ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಇದು ನಮಗೆ ಸಲ್ಲದ್ದು, ಅಲ್ಲಿಯೇ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಅವರು ತಮ್ಮ ಬೆವರಿನ ಬಗ್ಗೆ ತಾವೇ ಆಡಿಕೊಂಡ ಮಾತದು. ಗೇಟಿನ ಮೇಲಿನದು, ಕುಳಿತು ತಿನ್ನುವವನು ದುಡಿದು ಸಾಯುವವನಿಗೆ ಹೇಳಿದ ಮಾತು. ಶಬ್ದ ಹತ್ತಿರವಿದ್ದ ಮಾತ್ರಕ್ಕೆ ಅರ್ಥ ಹತ್ತಿರವಾಗುತ್ತದೆಯೇ? ಯಾರು ಯಾರಿಗೆ ಹೇಳಿದರು ಎಂಬುದನ್ನು ನೋಡಬೇಕು.

"ಹೌದು ಮೌಶಿ, ತಿಳೀತು" ಎಂದು ಫೋನಿಟ್ಟಳು. ಅವಳಿಗೆ ತಿಳಿಯಿತು. ನಾನು ಹಾಸಿಗೆಯಲ್ಲಿ ಹೊರಳಾಡಿದೆ. ಯಾರು ಯಾರಿಗೆ ಹೇಳಿದರು ಎಂಬ ನನ್ನದೇ ಪ್ರಶ್ನೆ ನನ್ನ ಕಡೆಗೇ ತಿರುಗಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತು. 1997ರ ಮಾತು. ನಮ್ಮ ಸಾಲಿಯಲ್ಲಿ ಕಸಗುಡಿಸಲು ಪಾಳಿ ಇತ್ತು, ಪಾಳಿಯ ಯಾದಿಯನ್ನು ನಾನೇ ಬರೆದು ಗೋಡೆಗೆ ಹಚ್ಚುತ್ತಿದ್ದೆ. ವರ್ಗ ಗುಡಿಸುವುದು ಎಲ್ಲರ ಪಾಳಿ. ಪಾಯಖಾನೆಗೆ ನೀರು ಹಾಕಿ ತಿಕ್ಕುವುದು ಮಾತ್ರ ಯಾವ ಯಾದಿಯಲ್ಲೂ ಇರಲಿಲ್ಲ. ಅದು ಪ್ರತಿಸಲ ಒಂದೇ ಓಣಿಯಿಂದ ಬರುವ ಮೂರು ಹುಡುಗಿಯರ ಪಾಲಿಗೆ ಹೋಗುತ್ತಿತ್ತು. ಯಾರೂ ಹಾಗೆಂದು ಹುಕುಂ ಮಾಡಿರಲಿಲ್ಲ. ಅವರ ಓಣಿ ಯಾವುದೆಂದು ನಮಗೆಲ್ಲ ಗೊತ್ತಿತ್ತು, ಅಷ್ಟೇ. ಒಮ್ಮೆ ಇನ್ಸ್‌ಪೆಕ್ಟರ್ ಸಾಹೇಬರು ಬರುವ ದಿನ ಆ ಮೂವರಲ್ಲಿ ಒಬ್ಬಳು, "ಇವತ್ತ ನಾ ಒಲ್ಲೆ ಟೀಚರ್, ಹೊಸಾ ಲಂಗಾ ಹಾಕ್ಕೊಂಡೀನಿ" ಎಂದಳು. ನಾನು ಸಿಟ್ಟು ಮಾಡಲಿಲ್ಲ, ಹೊಡೆಯಲಿಲ್ಲ. ನಾನು ಮಕ್ಕಳ ಮೇಲೆ ಕೈ ಮಾಡದ ಟೀಚರು ಎಂಬ ಹೆಮ್ಮೆ ನನಗೆ. ಗೋಡೆ ತೋರಿಸಿ, "ಮ್ಯಾಲೆ ಏನು ಬರದದ, ಓದು" ಎಂದೆ. ಆಕೆ ಓದಿದಳು. ಒಂದೂ ಅಕ್ಷರ ತಪ್ಪಲಿಲ್ಲ. ಓದಿ, ಲಂಗ ಎತ್ತಿ ಕಟ್ಟಿಕೊಂಡು ಬಕೀಟು ಹಿಡಿದುಕೊಂಡು ಹೋದಳು.

ಆ ದಿನ ಅದು ನನಗೆ ಒಳ್ಳೆಯ ಪಾಠ ಕಲಿಸಿದ ಸಮಾಧಾನ ಕೊಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ ಕೂಡ.

2019ರಲ್ಲಿ ಜನತಾ ಬಜಾರಿನಲ್ಲಿ ಅವಳು ಸಿಕ್ಕಳು. ಕೈಯಲ್ಲಿ ಹತ್ತು ವರ್ಷದ ಮಗಳು. ಗುರುತು ಹಿಡಿದು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನನಗೆ ಸಂತೋಷವಾಗಿ, "ಮಗಳನ್ನ ನಮ್ಮ ಸಾಲಿಗೇ ಹಾಕಬೇ" ಎಂದೆ. ಆಕೆ ಒಂದು ಗಳಿಗೆ ತಡೆದು, "ಅಲ್ಲೆ ಈಗ ಪಾಯಖಾನಿ ಯಾರು ತೊಳೀತಾರ್ರಿ ಟೀಚರ್?" ಎಂದು ಕೇಳಿದಳು. ಚುಚ್ಚಿ ಕೇಳಲಿಲ್ಲ. ಫೀ ಎಷ್ಟು, ಬಸ್ಸು ಇದೆಯೇ ಎಂದು ಕೇಳಿದ ಹಾಗೆ ಕೇಳಿದಳು. ಈಗ ಅದಕ್ಕೆ ಆಯಾ ಇದ್ದಾಳೆಂದೆ. ಹೂಂ ಎಂದು ತಲೆಯಾಡಿಸಿ, ಟೊಮೇಟೊ ಆರಿಸತೊಡಗಿದಳು. ಮಗಳು ನಮ್ಮ ಸಾಲಿಗೆ ಬರಲಿಲ್ಲ. ಆ ಆಯಾ ಯಾವ ಓಣಿಯವಳೆಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಸಾಲಿಯ ಬಕೀಟನ್ನೂ ನಲವತ್ತು ಸಾವಿರ ಹೆಣಗಳನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ಬುದ್ಧಿಗೇಡಿ ನಾನಲ್ಲ. ಹಾಗೆ ಇಟ್ಟರೆ ಆ ಸತ್ತವರಿಗೆ ಅಪಚಾರ. ನನ್ನನ್ನು ಕಾಡಿದ್ದು ಚಿಕ್ಕದು: ಒಳ್ಳೆಯ ಮಾತೊಂದು ನನ್ನ ಕೈಗೆ ಬಂದಾಗ ನಾನದನ್ನು ನನ್ನ ಕುರ್ಚಿಯ ಎದುರಿಗೆ ತೂಗುಹಾಕಿಕೊಳ್ಳಲಿಲ್ಲ, ಆ ಹುಡುಗಿಯ ತಲೆಯ ಮೇಲೆ ಬರೆಸಿದೆ. ಲಕ್ಕಮ್ಮನ ಮಾತನ್ನು ಇನ್ಸ್‌ಪೆಕ್ಟರ್ ಸಾಹೇಬರ ಮಾತು ಮಾಡಿದೆ.

ಆ ಜರ್ಮನ್ ಹುಡುಗಿ ಸಾಲಿಯಲ್ಲಿದ್ದಾಗಲೇ ಡಾಖಾವಿಗೆ ಹೋಗಿ ಬಂದವಳಂತೆ. ಆ ಸೀಮೆಯಲ್ಲಿ ಮಕ್ಕಳನ್ನು ವರ್ಗದ ಟೀಚರೇ ಅಂಥಲ್ಲಿಗೆ ಕರೆದೊಯ್ಯುವ ರೂಢಿಯಿದೆ. ನಾನೂ ಎಷ್ಟು ಪ್ರವಾಸ ಮಾಡಿಸಿಲ್ಲ! ಕಿತ್ತೂರು, ಬಾದಾಮಿ, ಐಹೊಳೆ, ಹಂಪಿ. ನಮ್ಮವರು ಗೆದ್ದದ್ದು, ಕಟ್ಟಿದ್ದು, ಬೇರೆಯವರು ಬಂದು ಕೆಡವಿದ್ದು ಎಲ್ಲ ತೋರಿಸಿದ್ದೇನೆ. ನಾವೇ ಕೆಡವಿದ್ದನ್ನು, ನಾವೇ ಮುಟ್ಟಗೊಡದೇ ಇದ್ದ ಬಾವಿಯನ್ನು ತೋರಿಸಿಲ್ಲ. ಅಂಥ ಬಾವಿಗೆ ಬಸ್ಸು ಮಾಡಿಕೊಂಡು ದೂರ ಹೋಗಬೇಕಾಗಿಯೂ ಇರಲಿಲ್ಲ.

ಈ ಸಲ ಮೇ ಕೊನೆಗೆ ಪೇಂಟರ್ ಬಂದ. ಪ್ರತಿವರ್ಷ ಅವನೇ ಬರುತ್ತಾನೆ, ಹಳೆಯ ಅಕ್ಷರಗಳ ಮೇಲೆ ಬಣ್ಣ ತೀಡುತ್ತಾನೆ. ಏಣಿ ಹತ್ತಿ, "ಅದನ್ನ ಬರೀಲೇನ್ರಿ?" ಎಂದ. ಪಡಸಾಲೆಯಲ್ಲಿ ಸುಣ್ಣ ಹಚ್ಚಿ ಬಿಡು, ಸ್ಟಾಫ್ ರೂಮಿನಲ್ಲಿ ಬರಿ ಎಂದೆ. ಹೆಡ್‌ಮಿಸ್ಟ್ರೆಸ್ಸರು ಬಂದು, "ಅಲ್ಲೆ ಬರೆದ್ರ ಯಾರು ನೋಡಬೇಕ್ರಿ?" ಎಂದು ಬೇಸರ ಮಾಡಿಕೊಂಡರು. ಪೇಂಟರ್ ಇಬ್ಬರ ಮುಖವನ್ನೂ ನೋಡುತ್ತ ಬಣ್ಣ ಕಲಕುತ್ತ ನಿಂತ. ಕೊನೆಗೆ ಸ್ಟಾಫ್ ರೂಮಿನಲ್ಲೇ ಬರೆದ. ಅಲ್ಲಿ ವಿದ್ಯುತ್ತಿನ ಮೀಟರಿನ ಪೆಟ್ಟಿಗೆ ಅಡ್ಡ ಬಂದದ್ದಕ್ಕೆ ಎರಡನೆಯ ಶಬ್ದ ತುಸು ಕೆಳಗೆ ಇಳಿದಿದೆ. ಪಾಯಖಾನೆ ತೊಳೆಯುವ ಪಾಳಿಯ ಮಾತು ಮಾತ್ರ ಇನ್ನೂ ಎತ್ತಿಲ್ಲ. ಎತ್ತಿದರೆ ಮೊದಲ ಹೆಸರು ನನ್ನದೇ ಬರೆಯಬೇಕಾಗುತ್ತದೆ.

ಅಕ್ಕನ ಮಗಳು ಸುದ್ದಿ ಕೇಳಿ, "ಫೋಟೋ ಕಳಸು ಮೌಶಿ" ಎಂದಿದ್ದಾಳೆ. ಕಳಿಸಿಲ್ಲ.