ಪೊರೆಯ ಸ್ವಂತ ದನಿ

ನಿವೃತ್ತರಾದ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲವರು ಬೆಳಗಾಯಿತೆಂದರೆ ವಾಕಿಂಗ್ ಹೊರಡುತ್ತಾರೆ. ಕೆಲವರು ಅಡುಗೆಮನೆಗೆ ಬಂದು ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಡುತ್ತಾರೆ. ನಮ್ಮವರು ಈ ಎರಡು ಗುಂಪಿಗೂ ಸೇರಿದವರಲ್ಲ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ಮನೆಗೆ ಬಂದವರು ಸೀದಾ ಮಹಡಿಯ ಕೋಣೆ ಸೇರಿ, "ಇನ್ನು ಸ್ಪೀಕರ್ ಮಾಡ್ತೀನಿ" ಎಂದರು. "ಅಂಗಡೀಲಿ ಸಿಗೋಲ್ವೇನ್ರೀ?" ಎಂದೆ. "ಉಪ್ಪಿನಕಾಯೀನೂ ಅಂಗಡೀಲಿ ಸಿಗುತ್ತೆ. ನೀನ್ಯಾಕೆ ಹಾಕ್ತೀಯ?" ಎಂದರು. ನಾನು ಸುಮ್ಮನಾದೆ.

ಅವರು ಮಾಡಲು ಹೊರಟದ್ದು ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್. ನಮ್ಮ ರೇಡಿಯೋದಲ್ಲಿರುವ ಹಾಗೆ ಅದರಲ್ಲಿ ಅಯಸ್ಕಾಂತವಿಲ್ಲ, ತಂತಿಯ ಸುರುಳಿಯಿಲ್ಲ, ಕಾಗದದ ಬಟ್ಟಲಿಲ್ಲ. ಒಣಗಿದ ತಲೆಗೂದಲನ್ನು ಬಾಚಿದ ಮೇಲೆ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಅದೇ ಶಕ್ತಿಯಿಂದ ಹಾಡಿಸುವ ಉಪಾಯ. ತೂತುಗಳಿರುವ ಎರಡು ಲೋಹದ ತಗಡುಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವೆ ಪಾಲಿಯೆಸ್ಟರ್ ಪೊರೆಯೊಂದನ್ನು ಬಿಗಿಯುತ್ತಾರೆ. ಪೊರೆಯ ದಪ್ಪ 6 ಮೈಕ್ರಾನ್, ಅಂದರೆ ತಲೆಗೂದಲಿನ ಹತ್ತರಲ್ಲಿ ಒಂದು ಪಾಲು ಎನ್ನಬಹುದು. ಅದಕ್ಕೆ ಪೆನ್ಸಿಲ್ಲಿನ ಕಪ್ಪು ಪುಡಿಯನ್ನು ಹತ್ತಿಯಿಂದ ಉಜ್ಜಿ ಸಾವಿರಾರು ವೋಲ್ಟ್ ವಿದ್ಯುತ್ತನ್ನು ಕೊಡುತ್ತಾರೆ. ತಗಡುಗಳಿಗೆ ಹಾಡಿನ ವಿದ್ಯುತ್ತು ಬಂದಾಗ ಪೊರೆ ಅತ್ತ ಇತ್ತ ಓಲಾಡಿ, ತೂತುಗಳ ಮೂಲಕ ಹಾಡು ಹೊರಬರುತ್ತದೆ. ಬ್ರಿಟನ್ನಿನ ಪೀಟರ್ ವಾಕರ್ ಎಂಬವರ ಕ್ವಾಡ್ ಕಂಪನಿ 1957ರಲ್ಲಿ ಮಾರಾಟಕ್ಕೆ ತಂದ ಇಂಥ ಸ್ಪೀಕರನ್ನು ಇವತ್ತಿಗೂ ರಿಪೇರಿ ಮಾಡಿಸಿಕೊಂಡು ಕೇಳುವವರಿದ್ದಾರಂತೆ. ಸಾವಿರಾರು ವೋಲ್ಟ್ ಎಂದಾಗ ನನ್ನ ಎದೆ ಧಸಕ್ಕೆಂದಿತು. ಇದು ಆಟದ ಸಾಮಾನಲ್ಲ ಎಂಬುದು ಅವರಿಗೂ ಗೊತ್ತಿತ್ತು. ಪ್ಲಗ್ ಕಿತ್ತು ಹೊತ್ತಾಗುವವರೆಗೆ ತಾವೂ ಮುಟ್ಟುತ್ತಿರಲಿಲ್ಲ, ನನ್ನನ್ನೂ ಮುಟ್ಟಗೊಡುತ್ತಿರಲಿಲ್ಲ.

ಪೊರೆ ಬಿಗಿಯುವುದಕ್ಕೆ ಮಾತ್ರ ನಾನು ಬೇಕೇ ಬೇಕು. ಒಗೆದ ಸೀರೆ ಮಡಿಸುವಾಗ ಇಬ್ಬರು ಎರಡು ಕೊನೆ ಹಿಡಿದು ಎಳೆಯುತ್ತೇವಲ್ಲ, ಹಾಗೆ. ಎಲ್ಲ ಕಡೆಗೂ ಒಂದೇ ಸಮ ಎಳೆಯಬೇಕು. ಒಂದು ಸುಕ್ಕು ಉಳಿದರೂ ಕೆಟ್ಟಿತು.

ಮೊದಲ ದಿನ ಅದು ಹಾಡಿದಾಗ ನಿಜವಾಗಿಯೂ ನನ್ನ ಕಣ್ಣು ತುಂಬಿತು. ವೀಣೆಯ ತಂತಿಯ ಮೇಲೆ ಬೆರಳು ಜಾರುವುದು ಕೂಡ ಪಕ್ಕದಲ್ಲೇ ಕುಳಿತ ಹಾಗೆ ಕೇಳಿಸಿತು. ಆದರೆ ಮೃದಂಗ ಶುರುವಾದದ್ದೇ ತಡ, ಎಡಗೈಯ ಗುಮ್ಕಿ ಬಂದಾಗಲೆಲ್ಲ ಇಡೀ ಕೋಣೆ 'ಗುಂಂ' ಎನ್ನತೊಡಗಿತು. ವಾರ್ತೆ ಹಾಕಿದರೆ ಓದುವವರು ಕೊಡದೊಳಗೆ ತಲೆಯಿಟ್ಟು ಮಾತಾಡಿದ ಹಾಗೆ. ಬೇರೆ ಬೇರೆ ಹಾಡು ಹಾಕಿ ನೋಡಿದರು. ಗುಂಗು ಮಾತ್ರ ಒಂದೇ.

"ಇದು ಅನುರಣನ ಕಣೇ" ಎಂದರು. "ಬಿಗಿದ ಯಾವ ಪೊರೆಗೂ ಅದರದೇ ಒಂದು ಸ್ವಂತ ದನಿ ಇರುತ್ತೆ. ಇದರದ್ದು ಸೆಕೆಂಡಿಗೆ ಎಂಬತ್ತು ಕಂಪನದ ಹತ್ತಿರ. ಯಾರು ಏನೇ ಹಾಡಲಿ, ಆ ಸ್ವರ ಬಂದ ತಕ್ಷಣ ಇದು ಅವರ ಹಾಡು ಬಿಟ್ಟು ತನ್ನದನ್ನ ಶುರು ಮಾಡುತ್ತೆ."

ಆ ದನಿಯನ್ನು ಅಡಗಿಸಲು ಅವರು ಪಟ್ಟ ಪಾಡು ಒಂದೆರಡಲ್ಲ. ಮೊದಲು ಇನ್ನಷ್ಟು ಬಿಗಿದರು. ಗುಂಗು ಹೋಗಲಿಲ್ಲ, ಮೇಲಿನ ಸ್ವರಕ್ಕೆ ಏರಿ ಕುಳಿತಿತು. ಅದರ ಜೊತೆಗೆ ಕೆಳಗಿನ ಸ್ವರಗಳೆಲ್ಲ ಸೊರಗಿಹೋದವು. ಆಮೇಲೆ ಹೊಸ ಪೊರೆ ತಂದು ಸಡಿಲವಾಗಿ ಕಟ್ಟಿದರು. ಅದು ಜೋರಾದ ಒಂದು ಸ್ವರ ಬಂದಾಗ 'ಚಟ್' ಎಂದು ಹೋಗಿ ತಗಡಿಗೇ ಅಂಟಿಕೊಂಡಿತು. ಬಿಗಿದರೆ ಮಂದ್ರವಿಲ್ಲ, ಬಿಟ್ಟರೆ ಹಾಡೇ ಇಲ್ಲ.

ಹೀಗೆ ಮಹಡಿಯಲ್ಲಿ ಗುಂಗು ಕೇಳುತ್ತಿದ್ದ ದಿನಗಳಲ್ಲೇ ಒಂದು ಸಂಜೆ ಮಗಳ ಫೋನು ಬಂತು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. "ಅಮ್ಮಾ, ಇಲ್ಲಿ ನನಗೆ ಆಗ್ತಿಲ್ಲ. ಸ್ವಲ್ಪ ದಿನ ಅಲ್ಲಿಗೆ ಬಂದಿರ್ತೀನಿ" ಎಂದಳು. ಏನಾಯಿತು ಎಂದು ನಾನು ಕೇಳಲಿಲ್ಲ. "ಸಂಸಾರ ಅಂದ ಮೇಲೆ ಇದೆಲ್ಲ ಇದ್ದದ್ದೇ. ಹೊಂದಿಕೊಂಡು ಹೋಗು. ತಮ್ಮನಿಗೆ ಹೆಣ್ಣು ನೋಡ್ತಿದ್ದೀವಿ, ಈಗ ಬಂದು ಕೂತರೆ ನಾಲ್ಕು ಜನ ಏನಂತಾರೆ? ನಾನು ಸಹಿಸಲಿಲ್ವಾ?" ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳು, "ಅಮ್ಮಾ, ನಾನು ಹೇಳಿದ್ದು ನಿನಗೆ ಕೇಳಿಸಲೇ ಇಲ್ಲ. ನಿನ್ನ ಭಯ ಮಾತ್ರ ಕೇಳಿಸ್ತಿದೆ" ಎಂದು ಫೋನು ಇಟ್ಟಳು. ಇಪ್ಪತ್ತು ದಿನ ಮಾಡಲಿಲ್ಲ. ನಾನೂ ಬಿಗುಮಾನದಿಂದ ಮಾಡಲಿಲ್ಲ.

ಅಷ್ಟರಲ್ಲಿ ನಮ್ಮವರು ಕೆಳಗಿಳಿದು ಬಂದು, "ಒಂದು ಹಳೇ ಬಟ್ಟೆ ಕೊಡೇ, ಗಾಳಿ ಆಡೋ ಅಂಥದ್ದು" ಎಂದರು. ಹಿಂಬದಿಯ ತಗಡಿನ ಬೆನ್ನಿಗೆ ಬಟ್ಟೆ ಅಂಟಿಸಬೇಕಂತೆ. ಪೊರೆ ಓಲಾಡುವಾಗ ಗಾಳಿ ಆ ನೇಯ್ಗೆಯ ಸಂದುಗಳಲ್ಲಿ ನುಸುಳಿಕೊಂಡು ಹೋಗಬೇಕಾಗುತ್ತದೆ. ಅಲ್ಲಿ ಹೆಚ್ಚಿನ ಅಬ್ಬರ ಸವೆಯುತ್ತದೆ. ಮೊದಲು ಕೊಟ್ಟ ಹಾಸಿಗೆ ಬಟ್ಟೆ ತೀರಾ ದಪ್ಪವಾಗಿ, ಹಾಡಿಗೆ ಕಂಬಳಿ ಹೊದಿಸಿದ ಹಾಗಾಯಿತು. ಕೊನೆಗೆ ಪೆಟ್ಟಿಗೆಯ ತಳದಿಂದ ನನ್ನ ತಾಯಿಯ ವಾಯಿಲ್ ಸೀರೆ ತೆಗೆದೆ. ಒಗೆದೂ ಒಗೆದೂ ಬಲೆಯಂತಾಗಿತ್ತು. ಅದನ್ನು ಎಳೆದು ಅಂಟಿಸಿ ಮತ್ತೆ ಮೃದಂಗ ಹಾಕಿದರು. ಗುಮ್ಕಿ ಗುಮ್ಕಿಯಾಗಿಯೇ ಬಂತು. ಕೋಣೆ ಸುಮ್ಮನಿತ್ತು. ಎರಡನೆಯ ಸ್ಪೀಕರಿನಲ್ಲಿ ಪೊರೆಯನ್ನು ಪಟ್ಟಿಗಳಿಂದ ಸಣ್ಣ ದೊಡ್ಡ ಭಾಗಗಳಾಗಿ ವಿಂಗಡಿಸಿ, ಎಲ್ಲವೂ ಸೇರಿ ಒಂದೇ ಸ್ವರದಲ್ಲಿ ಕೂಗದ ಹಾಗೆ ಮಾಡಿದರು. ಆದರೂ ಬಟ್ಟೆ ಬೇಕಾಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ಯಾವ ಸೀರೆ ಎಂದು ನೆನಪಾಗಿತ್ತು. ನಾನು ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಅತ್ತೆಮನೆಯ ಜಗಳ ತಾಳಲಾರದೆ ಒಂದು ಬ್ಯಾಗು ಹಿಡಿದು ತವರಿಗೆ ಬಂದಿದ್ದೆ. ಅಮ್ಮ ಊಟ ಹಾಕಿದಳು, ತಲೆಗೆ ಎಣ್ಣೆ ಒತ್ತಿದಳು, ಮರುದಿನ ಬೆಳಗಿನ ಬಸ್ಸಿಗೆ ಹತ್ತಿಸಿದಳು. ಏನಾಯಿತೆಂದು ಅವಳೂ ಕೇಳಲಿಲ್ಲ. ಬಸ್ಸಿನ ಕಿಟಕಿಯಿಂದ ಕಂಡದ್ದು ಈ ಸೀರೆಯ ಸೆರಗು. ಮುಂದೆ ಎಲ್ಲ ಸರಿಹೋಯಿತು, ನಿಜ. ಆ ಸರಿಹೋದದ್ದನ್ನೇ ನಾನು ಎಲ್ಲರಿಗೂ ಉದಾಹರಣೆಯಾಗಿ ಕೊಡುತ್ತ ಬಂದೆ. ಆದರೆ ಅದು ನನ್ನ ಪೊರೆಯ ದನಿ, ಮಗಳ ಹಾಡಲ್ಲ. ಅವಳು ಏನೇ ಹೇಳಲಿ, 'ವಾಪಸು ಬರುವುದು' ಎಂಬ ಒಂದು ಸ್ವರ ತಾಗಿದ ಕೂಡಲೇ ನನ್ನೊಳಗೆ ಆ ಬೆಳಗಿನ ಬಸ್ಸು ಗುಂಯ್ಗುಡುತ್ತಿತ್ತು.

ಹಾಗಾದರೆ ತಾಯಿಗೆ ಸ್ವಂತ ದನಿಯೇ ಇರಬಾರದೇ? ನಾನೇನು ಬರಿಯ ಸ್ಪೀಕರೇ? ಈ ಪ್ರಶ್ನೆ ಬಹಳ ದಿನ ನನ್ನನ್ನು ಕಾಡಿತು. ತಂಬೂರಿ, ಮೃದಂಗಗಳಿಗೆ ಅವುಗಳ ಅನುರಣನವೇ ಜೀವ. ಆದರೆ ಮೃದಂಗದ ಚರ್ಮವನ್ನೂ ಬರಿದೆ ಬಿಡುವುದಿಲ್ಲ. ಬಲಮುಖದ ನಡುವೆ ಕಪ್ಪು ಕರಣೆ ಇರುತ್ತದೆ, ಎಡಮುಖಕ್ಕೆ ರವೆ ಕಲಸಿ ಅಂಟಿಸುತ್ತಾರೆ. ಸರ್ ಸಿ.ವಿ. ರಾಮನ್ ಅವರು 1920ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿಯೂ ಇದರ ಬಗ್ಗೆ ಬರೆದರು. ಬರಿಯ ಚರ್ಮದಿಂದ ಒಂದಕ್ಕೊಂದು ಹೊಂದದ ನಾದಗಳು ಹುಟ್ಟುತ್ತವೆ, ಕರಣೆಯ ಭಾರ ಅವನ್ನು ಸುಸ್ವರಕ್ಕೆ ತರುತ್ತದೆ ಎಂಬುದನ್ನು ಅವರು ತೋರಿಸಿದರು. ಬಾಳಿನ ಅನುಭವವೂ ಕರಣೆಯಂತೆ ನಮ್ಮ ಮೇಲೆ ಭಾರವಾಗಿ ಕೂರಬೇಕೇನೋ. ಮಾತಾಡುವ ಸರದಿ ಬಂದಾಗ ತಾಯಿ ಮೃದಂಗವಾಗಲಿ, ತಪ್ಪಿಲ್ಲ. ಕೇಳುವ ಸರದಿಯಲ್ಲಿ ಮೃದಂಗವಾದರೆ ಕಷ್ಟ.

ಇನ್ನೊಂದು ಮಾತು. ಹೆಂಗಸರಿಗೆ ಸಂಯಮ ಹೇಳಿಕೊಡುವವರಿಗೆ ಕೊರತೆಯಿಲ್ಲ. ಮೆಲ್ಲಗೆ ಮಾತಾಡು, ತಗ್ಗಿ ನಡೆ ಎಂದು ನಾನೂ ಮಗಳಿಗೆ ಹೇಳಿದವಳೇ. ನೋವು ಹೇಳುತ್ತಿರುವವಳ ಬಾಯಿಗೆ ಬಟ್ಟೆ ತುರುಕುವುದಕ್ಕೆ ನಾವು ಸಂಯಮ ಎಂದು ಹೆಸರಿಟ್ಟಿದ್ದೇವೆ. ಇವರು ಬಟ್ಟೆ ಅಂಟಿಸಿದ್ದು ಹಾಡುವವಳಿಗಲ್ಲ, ಅವಳ ಹಾಡನ್ನು ನಮಗೆ ಮುಟ್ಟಿಸಬೇಕಾದ ಯಂತ್ರದ ಬೆನ್ನಿಗೆ.

ಮರುದಿನ ನಾನೇ ಫೋನು ಮಾಡಿದೆ. "ಹೇಳು ಮಗಳೇ, ನಡುವೆ ಮಾತಾಡೋಲ್ಲ" ಎಂದೆ. ಅವಳು ನಲವತ್ತು ನಿಮಿಷ ಹೇಳಿದಳು. ಎರಡು ಮೂರು ಸಲ ನನ್ನ ನಾಲಿಗೆ ತುದಿಗೆ ಬಂದದ್ದನ್ನು ಸೆರಗಿನ ತುದಿ ಕಚ್ಚಿ ತಡೆದುಕೊಂಡೆ. ಅವಳು ಹೇಳಿದ್ದೇನು, ಆಮೇಲೆ ಏನು ಮಾಡಿದಳು ಎಂಬುದು ಅವಳ ಕಥೆ. ನಾನು ಬರೆಯುವಂಥದ್ದಲ್ಲ. ಬರುವುದಾದರೆ ಬಾ, ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ ಎಂದಷ್ಟೇ ಕೊನೆಯಲ್ಲಿ ನಾನು ಹೇಳಿದ್ದು.

ಸಂಜೆ ಮಹಡಿಗೆ ಕಾಫಿ ಕೊಂಡೊಯ್ದಾಗ ಇವರು ಅಳತೆ ಮಾಡಿ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದರು. ಗುಡ್ಡದಂತಿದ್ದ ಗೆರೆ ಈಗ ಹೆಚ್ಚು ಕಡಿಮೆ ಸಮವಾಗಿತ್ತು. ಎಂಬತ್ತರ ಹತ್ತಿರ ಮಾತ್ರ ಸಣ್ಣದೊಂದು ಉಬ್ಬು.

"ಇದು ಹೋಗೋಲ್ವೇನ್ರೀ?" ಎಂದೆ.

"ಪೂರ್ತಿ ಹೋಗೋಲ್ಲ ಕಣೇ. ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು" ಎಂದು ಕಾಫಿ ಲೋಟಕ್ಕೆ ಕೈ ಚಾಚಿದರು.