ಅರಿಯೆನೆಂಬ ಮಾತು

ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟೆಂಬುದು ಲೋಕರೂಢಿ. ನಮ್ಮ ಧರ್ಮಶಾಸ್ತ್ರಕಾರರೂ ತಿಳಿದು ಮಾಡಿದ ಪಾಪಕ್ಕೊಂದು, ತಿಳಿಯದೆ ಮಾಡಿದುದಕ್ಕೊಂದು ಎಂದು ಪ್ರಾಯಶ್ಚಿತ್ತವನ್ನು ಬೇರೆಬೇರೆಯಾಗಿ ವಿಧಿಸಿರುವರು. ಆದರೆ ತಿಳಿಯುವುದೇ ಯಾರ ಕರ್ತವ್ಯವೋ ಅಂಥವನು “ನಾನರಿಯೆ” ಎಂದರೆ ಆ ಮಾತಿಗೆ ಬೆಲೆಯೆಷ್ಟು? ವೇಲ್ಸ್ ದೇಶದ ಅಬರ್‌ಫಾನ್ ಎಂಬ ಗಣಿಗಾರರ ಹಳ್ಳಿಯ ವೃತ್ತಾಂತವನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುವುದು.

ಕಲ್ಲಿದ್ದಲನ್ನು ತೋಡುವಾಗ ಬೇಡವಾದ ಕಲ್ಲುಮಣ್ಣೂ ಮೇಲಕ್ಕೆ ಬರುತ್ತದೆ. ಅದನ್ನು ಎಲ್ಲಿಯಾದರೂ ಸುರಿಯಲೇಬೇಕಷ್ಟೆ. ಅಬರ್‌ಫಾನಿನಲ್ಲಿ ಊರಿನ ನೆತ್ತಿಯ ಮೇಲಿನ ಬೆಟ್ಟದಲ್ಲಿ ಸುರಿದರು. ಹೀಗೆ ಬೆಳೆದ ಗುಡ್ಡಗಳು ಏಳು. 1958ರಲ್ಲಿ ಮೊದಲಾದ ಏಳನೆಯದು ನೀರಿನ ಒರತೆಯ ಮೇಲೆಯೇ ಎದ್ದಿತು. 1966ನೆಯ ಅಕ್ಟೋಬರ್ 21ರ ಬೆಳಗ್ಗೆ, ನೀರು ಕುಡಿದ ಆ ಗುಡ್ಡ ಕೆಸರಾಗಿ ಜಾರಿ, ಮಕ್ಕಳು ಆಗತಾನೆ ಬಂದು ಕುಳಿತಿದ್ದ ಪಾಂಟ್‌ಗ್ಲಾಸ್ ಶಾಲೆಯನ್ನೂ ಪಕ್ಕದ ಮನೆಗಳನ್ನೂ ಮುಚ್ಚಿಬಿಟ್ಟಿತು. ಮಡಿದವರು 144 ಮಂದಿ. ಅವರಲ್ಲಿ 116 ಮಂದಿ ಮಕ್ಕಳು. ಅಂದು ಮಧ್ಯಾಹ್ನದಿಂದ ಶಾಲೆಗೆ ರಜೆಯಿತ್ತು.

ಗಣಿಯ ಒಡೆಯನು ಲೋಭಿಯಾದ ಸಾಹುಕಾರನಾಗಿದ್ದರೆ ನಮಗೆ ನಿಂದಿಸುವುದು ಸುಲಭವಾಗುತ್ತಿತ್ತು. ಆದರೆ 1947ರಿಂದ ಆ ನಾಡಿನ ಗಣಿಗಳು ರಾಷ್ಟ್ರದ ಸ್ವತ್ತು. ನಡೆಸುತ್ತಿದ್ದುದು ರಾಷ್ಟ್ರೀಯ ಕಲ್ಲಿದ್ದಲು ಮಂಡಲಿ. ಒರತೆಯಿದ್ದುದು ತಿಳಿದಿರಲಿಲ್ಲವೆಂದು ಅದರ ಅಧ್ಯಕ್ಷರಾದ ಲಾರ್ಡ್ ರಾಬೆನ್ಸರು ಹೇಳಿದರು. ಒರತೆಯೋ ಸರ್ಕಾರದ ಭೂಪಟದಲ್ಲಿಯೇ ಇದ್ದಿತು; ಬೆಟ್ಟದಲ್ಲಿ ಆಡಿ ಬೆಳೆದ ಊರವರಿಗೂ ಗೊತ್ತಿದ್ದಿತು. ಶಾಲೆಯ ಹಿಂದೆ ಸುರಿಯುವ ಕೆಸರಿನಿಂದ ಅಪಾಯವುಂಟೆಂದು ಪಟ್ಟಣದ ಇಂಜಿನಿಯರು 1963ರಲ್ಲಿಯೇ ಬರೆದಿದ್ದರು.

ಹಾಗಾದರೆ ಇದು ಅಜ್ಞಾನವೇ? ಕಿವಿಗೆ ಬಿದ್ದುದನ್ನು ಮನಸ್ಸಿಗೆ ತಂದುಕೊಳ್ಳದಿರುವುದಕ್ಕೆ ಆ ಹೆಸರು ಸಲ್ಲದೆಂದು ನನ್ನ ಎಣಿಕೆ. 1967ರ ವಿಚಾರಣೆಯ ವರದಿ ಮಂಡಲಿಯನ್ನೇ ಹೊಣೆಮಾಡಿತು. ಆದರೆ ಅದಕ್ಕೆ ಕಂಡುದು ದುಷ್ಟತನವಲ್ಲ, ತಿಳಿಯದವರ ಅಸಾಮರ್ಥ್ಯ. ಯಾರಿಗೂ ಶಿಕ್ಷೆಯಾಗಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಕಠಿನವಾದುದು. ಆ ಪ್ರಾಂತದ ಪಾರ್ಲಿಮೆಂಟ್ ಸದಸ್ಯರಾಗಿದ್ದ ಎಸ್. ಓ. ಡೇವೀಸರು, ತಮಗೆ ಮೊದಲೇ ಭಯವಿದ್ದರೂ, ದೂರಿದರೆ ಗಣಿಯನ್ನೇ ಮುಚ್ಚಿಯಾರೆಂದು ಸುಮ್ಮನಿದ್ದುದಾಗಿ ವಿಚಾರಣೆಯಲ್ಲಿ ಒಪ್ಪಿಕೊಂಡರು. ಗಣಿ ಮುಚ್ಚಿದರೆ ಊರಿಗೆ ಅನ್ನವಿಲ್ಲ. ಅನ್ನ ಕೊಡುವ ಕೈಯೇ ತಲೆಯ ಮೇಲೆ ಗುಡ್ಡವನ್ನೂ ಪೇರಿಸುತ್ತಿದ್ದರೆ, ನೋಡಿದವನು ಕೂಗುವುದಕ್ಕೂ ಹಿಂಜರಿಯುವನು. ಆ ಮೌನವನ್ನು ಖಂಡಿಸಲು ನನಗೆ ಬಾಯಿ ಬಾರದು. ಮಂಡಲಿಯ ಮೌನವನ್ನು ಅದರೊಡನೆ ತೂಗಲೂ ಮನಸ್ಸೊಪ್ಪದು.

ಉಳಿದ ಗುಡ್ಡಗಳನ್ನು ತೆಗೆದುಹಾಕಿರೆಂದು ಮಕ್ಕಳನ್ನು ಕಳೆದುಕೊಂಡವರು ಬೇಡಿದರು. ಪೂರ್ತಿ ವೆಚ್ಚವನ್ನು ಮಂಡಲಿಯೂ ಸರ್ಕಾರವೂ ಹೊರಲೊಪ್ಪಲಿಲ್ಲ. ನೊಂದವರಿಗೆಂದು ಲೋಕವು ಕಳುಹಿಸಿದ ಸಹಾಯನಿಧಿಯಿಂದಲೇ 1968ರಲ್ಲಿ 1,50,000 ಪೌಂಡುಗಳನ್ನು ತೆಗೆದುಕೊಂಡರು. 1997ರಲ್ಲಿ ಸರ್ಕಾರವು ಅಷ್ಟೇ ಮೊತ್ತವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಿತು. ಗಣಿ 1989ರಲ್ಲಿಯೇ ಮುಚ್ಚಿಹೋಗಿದ್ದಿತು.