ಎರಡನೇ ಕುರ್ಚಿ

ವಿಮಾನದಲ್ಲಿ ಇಬ್ಬರು ಪೈಲಟ್‌ಗಳ ಬದಲು ಒಬ್ಬನೇ ಸಾಕೇ ಎಂಬ ಚರ್ಚೆ ನಡೆದಿದೆ. "ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿಗೆ ಅದರ ಉಸಾಬರಿ ಯಾಕ ಬೇಕ್ರೀ?" ಅಂತ ಕೇಳಬಹುದು. ಸರಕಾರಿ ಬಸ್ಸಿನಲ್ಲಿ ಡ್ರೈವರನೇ ಕಂಡಕ್ಟರ್ ಆಗಿ ಟಿಕೆಟ್ ಕೊಡೋದನ್ನು ಕಂಡ ನಮಗೆ ಇದು ದೂರದ ಮಾತಲ್ಲ.

ಒಂದು ಕಾಲಕ್ಕೆ ದೊಡ್ಡ ವಿಮಾನದ ಮುಂದಿನ ಕೋಣೆಯಲ್ಲಿ ದಾರಿಯ ಲೆಕ್ಕ ಹಾಕುವವನು, ರೇಡಿಯೋದವನು, ಎಂಜಿನಿಯರ್ ಎಲ್ಲರೂ ಇದ್ದರು. ಯಂತ್ರ ಬಂದಂತೆ ಒಬ್ಬೊಬ್ಬರೇ ಇಳಿದರು. ಈಗ ಉಳಿದ ಇಬ್ಬರಲ್ಲಿ ಒಬ್ಬ, ಕಡೇಪಕ್ಷ ನಡುದಾರಿಯಲ್ಲಿ, ಸಾಕು ಅಂತಾರೆ. ಉಳಿಯೋದು ಒಂದು ಪಗಾರ. (ಪೈಲಟ್ ದೊಡ್ಡ ಪಗಾರದವನು, ಖರೆ. ಆಳು ಕಡಿಯುವ ತರ್ಕ ಮಾತ್ರ ಎಲ್ಲೆಡೆ ಒಂದೇ.)

ಮಂಗಳೂರನ್ನು ನೆನೆಯೋಣ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಸತ್ತರು, ಬದುಕಿದವರು 8. ಕೊಲ್ಲಿಯಲ್ಲಿ ದುಡಿದು ಊರಿಗೆ ಬರುತ್ತಿದ್ದ ಎಷ್ಟೋ ಜನ ಅದರಲ್ಲಿದ್ದರು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ತಾಸಿಗೂ ಹೆಚ್ಚು ಮಲಗಿದ್ದ ಎಂದು ತನಿಖೆ ಹೇಳಿತು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಕೋ-ಪೈಲಟ್ ಮೂರು ಸಲ ಹೇಳಿದ. ಯಂತ್ರವೂ ಎಚ್ಚರಿಕೆ ಕೂಗಿತು. ಕ್ಯಾಪ್ಟನ್ ಎರಡನ್ನೂ ಕೇಳಲಿಲ್ಲ.

"ಇಬ್ಬರಿದ್ದರೂ ಬಿತ್ತಲ್ಲ, ಮತ್ಯಾಕ ಇಬ್ಬರು?" ಎಂದು ಲೆಕ್ಕದವರು ಕೇಳಿಯಾರು. ನಾವು ಬೇರೆಯದನ್ನೇ ಕೇಳುತ್ತೇವೆ. ಕುರ್ಚಿ ಕೊಟ್ಟಿರಿ, ಕೂತವನ ಮಾತಿಗೆ ಬಲ ಯಾಕೆ ಕೊಡಲಿಲ್ಲ? ಮೇಲಿನವನ ಎದುರು ಕೆಳಗಿನವನು "ಬ್ಯಾಡ್ರೀ" ಅಂದರೆ ಅದು ಗಾಳಿಗೆ ಹೋಗುತ್ತದೆ. ಇದನ್ನು ನಮ್ಮ ಚಾವಡಿಗಳಲ್ಲಿ ತಲೆಮಾರುಗಟ್ಟಲೆ ಕಂಡಿದ್ದೇವೆ. ಅವನ ಮಾತು ನಡೆಯುವಂತೆ ಮಾಡೋದು ಬಿಟ್ಟು ಅವನನ್ನೇ ಎಬ್ಬಿಸಿ ಕಳಿಸೋದು ಯಾವ ನ್ಯಾಯ? ಯಂತ್ರ ಅವನ ಜಾಗ ತುಂಬುತ್ತದಂತೆ. ಯಂತ್ರದ ಕೂಗೂ ಅವತ್ತು ವ್ಯರ್ಥವೇ ಆಯಿತು. ಮೇಲಾಗಿ ಯಂತ್ರ ಸಾಯೋದಿಲ್ಲ, ಕೋ-ಪೈಲಟ್ ಸತ್ತ. ನೆಲದ ಮೇಲೆ ಪರದೆ ನೋಡುತ್ತ ಕೂತವನೂ ಸಾಯೋದಿಲ್ಲ. ಅದೇ ಸಾವಿನ ಪಾಲುದಾರನಾಗಿ ಪಕ್ಕದಲ್ಲಿ ಕೂತವನ "ಬೇಡ"ಕ್ಕೆ ಇರುವ ತೂಕ ಬೇರೆ.

ಒಬ್ಬ ಪೈಲಟ್‌ನ ಹಾರಾಟ ಇಬ್ಬರಿದ್ದಷ್ಟೇ ಸುರಕ್ಷಿತ ಎಂದು ಸದ್ಯಕ್ಕೆ ತೋರಿಸಲಾಗದು ಎಂದು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2025ರಲ್ಲಿ ವರದಿ ಕೊಟ್ಟಿತು. ಪೈಲಟ್‌ಗಳ ಸಂಘಗಳೂ ಜಗ್ಗದೆ ನಿಂತಿವೆ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳಕೊಂಡು ನಡುರಾತ್ರಿ ಸಂಕೇಶ್ವರದ ದಾರಿಯಲ್ಲಿ ಹೊರಟ ಟ್ರ್ಯಾಕ್ಟರ್ ಡ್ರೈವರನ ಕಣ್ಣು ಮುಚ್ಚಿದರೆ ಎಬ್ಬಿಸುವ ಇನ್ನೊಬ್ಬನ ಕೂಲಿ ಯಾರು ಕೊಡಬೇಕು? ಕಾರ್ಖಾನೆಯೋ, ಟ್ರ್ಯಾಕ್ಟರಿನ ಮಾಲಕನೋ?